ಅರ್ಥ ತಿಳಿಯದೆ ಹಾಕಿದ ರುಜು ಒಪ್ಪಿಗೆಯಲ್ಲ

ನ್ಯಾಯಾಲಯದ ಅಂಗಳದಲ್ಲಿ ಕಿವಿಗೆ ಬೀಳುವ ಪದಗಳನ್ನು ಒಮ್ಮೆ ಗಮನಿಸಿರಿ. ವಕೀಲ, ಅರ್ಜಿ, ದಾವೆ, ಜಾಮೀನು, ಜಪ್ತಿ, ರಾಜಿ, ವಾರಸುದಾರ, ಹಕ್ಕು. ಇವೆಲ್ಲವುಗಳ ಮೂಲ ಅರಬಿ. ಪಾರಸಿಯ ಆಡಳಿತ ಭಾಷೆಯ ದಾರಿಯಿಂದ ಬಂದು ಕನ್ನಡದವೇ ಆಗಿಹೋದ ಪದಗಳಿವು. ನಮ್ಮಲ್ಲಿ ಕೆಲವರು ಇದನ್ನು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಆದರೆ ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಈ ಪದಗಳ ಅರ್ಥ ಗೊತ್ತಿದೆ? ಅವರಿಗೆ ಅದು ಗೊತ್ತಿಲ್ಲದಿರುವುದರಿಂದ ಲಾಭ ಪಡೆಯುತ್ತಿರುವವರು ಯಾರು? ಹೊರಗಿನವರಲ್ಲ, ನಾವೇ.

ತಂದೆ ತೀರಿಕೊಂಡಿರುತ್ತಾರೆ. ತಾಯಿಯ ಇದ್ದತ್ ಇನ್ನೂ ಮುಗಿದಿರುವುದಿಲ್ಲ. ಅಣ್ಣಂದಿರು ಒಂದು ಕಾಗದದೊಂದಿಗೆ ತಂಗಿಯ ಮನೆಗೆ ಬರುತ್ತಾರೆ. "ಖಾತೆ ಬದಲಾವಣೆಗೆ ಬೇಕಂತೆ, ಒಂದು ರುಜು ಹಾಕಮ್ಮ" ಎನ್ನುತ್ತಾರೆ. ಕಾಗದದ ನೆತ್ತಿಯ ಮೇಲಿರುವುದು ಬೇರೆಯೇ ಹೆಸರು: ಹಕ್ಕು ಬಿಡುಗಡೆ ಪತ್ರ. ಉಪನೋಂದಣಿ ಕಚೇರಿಯಲ್ಲಿ ಅಧಿಕಾರಿ "ಒಪ್ಪಿಗೆಯೇ?" ಎಂದು ಕೇಳುತ್ತಾರೆ. ಅಣ್ಣನ ಮುಖ ನೋಡಿ ಆಕೆ ತಲೆಯಾಡಿಸುತ್ತಾಳೆ. ಅಲ್ಲಿಗೆ ಅಲ್ಲಾಹನು ನಿಶ್ಚಯಿಸಿದ ಪಾಲು ಅವಳ ಕೈಬಿಟ್ಟು ಹೋಯಿತು.

ಈ ಪದಗಳ ಅಂತರವನ್ನು ಬಿಡಿಸಿ ಹೇಳುವುದು ಅಗತ್ಯ. ಪೌತಿ ಖಾತೆ ಎಂದರೆ ಖಾತೆದಾರನ ಮರಣದ ನಂತರ ವಾರಸುದಾರರ ಹೆಸರನ್ನು ದಾಖಲಿಸುವುದು. 'ಫೌತ್' ಎಂಬ ಅರಬಿ ಪದಕ್ಕೆ ಮರಣ ಎಂದೇ ಅರ್ಥ. ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನವನ್ನು ಹುಟ್ಟಿಸುವ ಪತ್ರವಲ್ಲ. ಖಾತೆ ಅಣ್ಣನ ಹೆಸರಿನಲ್ಲಿದ್ದ ಮಾತ್ರಕ್ಕೆ ತಂಗಿಯ ಹಕ್ಕು ಅಳಿಯುವುದಿಲ್ಲ. ಹಕ್ಕು ಬಿಡುಗಡೆ ಪತ್ರವಾದರೋ ಒಡೆತನವನ್ನೇ ಬಿಟ್ಟುಕೊಡುವ ದಸ್ತಾವೇಜು. ನೋಂದಣಿಯಾದ ಬಳಿಕ ಅದನ್ನು ರದ್ದುಪಡಿಸಲು ದಾವೆಯನ್ನೇ ಹೂಡಬೇಕು. ವಂಚನೆ ತಿಳಿದ ದಿನದಿಂದ 3 ವರ್ಷದ ಒಳಗೆ ಹೂಡಬೇಕು. ಮೊದಲನೆಯದರ ಹೆಸರು ಹೇಳಿ ಎರಡನೆಯದಕ್ಕೆ ರುಜು ಪಡೆಯುವುದನ್ನು ಮೋಸವೆನ್ನದೆ ಇನ್ನೇನೆನ್ನಬೇಕು? ಇನ್ನು ವಂಶವೃಕ್ಷದಲ್ಲಿ ಸಹೋದರಿಯರ ಹೆಸರನ್ನೇ ಬಿಟ್ಟುಬಿಡುವವರಿದ್ದಾರೆ. ಅದು ಸುಳ್ಳು ಸಾಕ್ಷ್ಯ. ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ ಪಾಪ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾದುದು? ನಮಾಝ್ ಅಥವಾ ಉಪವಾಸದ ಕುರಿತಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತು. ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತ ಅದು. ಹೊಣೆ ಯಾರ ಮೇಲೆ ಬೀಳುತ್ತದೆಯೋ ಅವರೇ ಹೇಳಿ ಬರೆಸಬೇಕು, ಅವರಿಗೆ ಸಾಧ್ಯವಾಗದಿದ್ದರೆ ಅವರ ಪರವಾಗಿರುವವನು ನ್ಯಾಯದಿಂದ ಬರೆಸಬೇಕು ಎಂಬುದು ಅಲ್ಲಿನ ಆದೇಶದ ಸಾರ. ನಾವು ಮಾಡುತ್ತಿರುವುದು ಇದರ ತಲೆಕೆಳಗು. ಕಳೆದುಕೊಳ್ಳುವವಳು ತಂಗಿ, ಬರೆಸುವವನು ಪಡೆದುಕೊಳ್ಳುವ ಅಣ್ಣ.

ಅನ್ನಿಸಾ ಅಧ್ಯಾಯದ 7ನೆಯ ಸೂಕ್ತವು, ಆಸ್ತಿ ಅಲ್ಪವಿರಲಿ ಅಧಿಕವಿರಲಿ, ಸ್ತ್ರೀಯರಿಗೂ ಅದರಲ್ಲಿ ಪಾಲಿದೆ ಎಂದು ಸಾರುತ್ತದೆ. ಮುಂದಿನ ಸೂಕ್ತಗಳು ಲೆಕ್ಕವನ್ನೇ ಕೊಡುತ್ತವೆ. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳನ್ನು ಬಿಟ್ಟು ಒಬ್ಬರು ತೀರಿಕೊಂಡರು, ಸಾಲ ತೀರಿ, ವಸಿಯ್ಯತ್ ಇದ್ದರೆ ಅದೂ ನೆರವೇರಿ 40 ಗುಂಟೆ ಉಳಿಯಿತು ಎನ್ನೋಣ. ತಾಯಿಗೆ 5, ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7 ಗುಂಟೆ. ಆ 7 ಗುಂಟೆ ಅಣ್ಣಂದಿರ ಔದಾರ್ಯವಲ್ಲ, ಅವರು ಕೊಡಬೇಕಾದ ಅಮಾನತ್ತು.

"ಅವಳ ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡಿದ್ದೇವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಣ್ಣಂದಿರ ಮದುವೆಗೂ ಓದಿಗೂ ಖರ್ಚಾಗಲಿಲ್ಲವೇ? ಅದನ್ನು ಯಾರ ಪಾಲಿನಿಂದ ಕಳೆದಿರಿ? ವರದಕ್ಷಿಣೆ ಎಂಬ ಒಂದು ಅನ್ಯಾಯವನ್ನು ತೋರಿಸಿ ಇನ್ನೊಂದು ಅನ್ಯಾಯವನ್ನು ಸಮರ್ಥಿಸಲಾಗದು. "ಅವಳೇ ಸಂತೋಷದಿಂದ ಬಿಟ್ಟುಕೊಟ್ಟಳು" ಎನ್ನುವವರಿಗೆ ಒಂದೇ ಮಾತು: ಮೊದಲು ಪಾಲನ್ನು ಅವಳ ಹೆಸರಿಗೆ ಮಾಡಿ ಕೈಗೆ ಕೊಡಿರಿ. ಆಮೇಲೂ ಮರಳಿಸಿದರೆ ಅದನ್ನು ಸಂತೋಷವೆನ್ನೋಣ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಕೊಟ್ಟದ್ದು ಕೊಡುಗೆಯಲ್ಲ.

'ರಾಜಿ' ಎಂಬ ಪದವನ್ನೂ ನಾವು ಕೆಡಿಸಿದ್ದೇವೆ. ಅದರ ಮೂಲಾರ್ಥ ಸಂತೃಪ್ತ, ಮನಸಾರೆ ಒಪ್ಪಿದ ಎಂದು. ಹಿರಿಯರು ಒತ್ತಾಯಿಸಿ, "ಕುಟುಂಬದ ಮಾನ" ಎಂದು ಹೆದರಿಸಿ ಮಾಡಿಸುವುದು ರಾಜಿಯಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದ ತೀರ್ಪಿನ ವಿರುದ್ಧ ಮೇಲ್ಮನವಿ ಇಲ್ಲ ಎಂಬುದನ್ನು ರುಜುವಿಗೆ ಮೊದಲು ಆಕೆಗೆ ತಿಳಿಸಬೇಕಾದವರು ಆ ಹಿರಿಯರೇ ಅಲ್ಲವೇ?

ಪತ್ರ ನೋಂದಣಿಯಾಯಿತು, ನ್ಯಾಯಾಲಯವೂ ಎತ್ತಿಹಿಡಿಯಿತು, ಇನ್ನೇನು ಭಯ ಎನ್ನುವವರು ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸನ್ನು ನೆನೆಯಲಿ. ವಾದಿಗಳಲ್ಲಿ ಒಬ್ಬನು ಹೆಚ್ಚು ವಾಕ್ಚತುರನಾಗಿದ್ದು, ಅವನ ಮಾತು ಕೇಳಿ ತಾವು ಇನ್ನೊಬ್ಬನ ಹಕ್ಕನ್ನು ಅವನಿಗೆ ತೀರ್ಪಿತ್ತರೆ, ಅವನು ಪಡೆಯುವುದು ನರಕಾಗ್ನಿಯ ತುಂಡನ್ನು ಎಂದು ಪ್ರವಾದಿ(ಸ)ರು ಎಚ್ಚರಿಸಿದರು. ಪ್ರವಾದಿಯವರ ತೀರ್ಪೇ ಪರರ ಹಕ್ಕನ್ನು ಹಲಾಲ್ ಮಾಡದೆಂದಾದರೆ, ಮೋಸದಿಂದ ಪಡೆದ ಒಂದು ರುಜು ಮಾಡೀತೇ?

ಆದುದರಿಂದ ಜಮಾಅತ್‌ಗಳು ಜುಮಾ ಖುತ್ಬಾದಲ್ಲಿ ವಾರಸು ಹಕ್ಕಿನ ಲೆಕ್ಕವನ್ನೂ ಈ ಪದಗಳ ಅರ್ಥವನ್ನೂ ತಿಳಿಸಲಿ. ಸಹೋದರಿಯರೇ, ಕಾಗದವನ್ನು ಪೂರ್ತಿ ಓದಿಸಿ ಕೇಳದೆ, ಪ್ರತಿಯನ್ನು ಕೈಯಲ್ಲಿ ಪಡೆಯದೆ ರುಜು ಹಾಕದಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ಸಹೋದರರೇ, ತಂಗಿ ಕೇಳುವ ಮೊದಲೇ ಕೊಟ್ಟುಬಿಡಿರಿ. ಪರರ ಹಕ್ಕಿನ ಭಾರ ಹೊತ್ತು ತನ್ನ ಮುಂದೆ ನಿಲ್ಲುವ ದುರ್ಗತಿಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.