ಬಾಗಿಲ ಯಾವ ಬದಿಗೆ ಕ್ಯಾಮೆರಾ?

ಟಿ.ವಿ. ಧಾರಾವಾಹಿಯ ಬಗ್ಗೆ ಆಕ್ಷೇಪವೆತ್ತಿದರೆ ‘ಅದು ಬರೀ ಕಥೆ, ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ’ ಎನ್ನುವವರಿದ್ದಾರೆ. ಕಥೆಯನ್ನು ಕಥೆಯೆಂದೇ ನೋಡಲು ನಾವು ಸಿದ್ಧ. ನಮ್ಮ ತಕರಾರಿರುವುದು ಅದನ್ನು ಹೇಳುವ ಕಸುಬಿನ ಬಗ್ಗೆ. ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿದೆ, ಪ್ರೇಕ್ಷಕನಿಗೆ ಮೊದಲೇ ಏನನ್ನು ತಿಳಿಸಿ ಏನನ್ನು ಬಚ್ಚಿಡಲಾಗಿದೆ ಎಂಬ ಪ್ರಶ್ನೆಗಳನ್ನು ವಿಮರ್ಶಕರು ‘ತಾಂತ್ರಿಕ ಅಂಶ’ ಎಂಬ ತಲೆಬರಹದಡಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಪೂರ್ವಗ್ರಹ ಹೊಕ್ಕು ಕೂರುವ ಜಾಗವೂ ಇದೇ.

ಬಿಬಿಸಿ 2018ರ ಆಗಸ್ಟ್‌ನಲ್ಲಿ ಪ್ರಸಾರ ಆರಂಭಿಸಿದ ‘ಬಾಡಿಗಾರ್ಡ್’ ಎಂಬ ಆರು ಕಂತಿನ ಧಾರಾವಾಹಿಯನ್ನೇ ತೆಗೆದುಕೊಳ್ಳೋಣ. ಬರೆದವರು ಜೆಡ್ ಮರ್ಕ್ಯೂರಿಯೊ. ಕೊನೆಯ ಕಂತನ್ನು ಪ್ರಸಾರದ ರಾತ್ರಿಯೇ ಒಂದು ಕೋಟಿಗೂ ಹೆಚ್ಚು ಬ್ರಿಟಿಷರು ನೋಡಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಅದು ಜಗತ್ತಿನ ಇತರೆಡೆಗಳಿಗೂ ಹೋಯಿತು. ಅದರ ಮೊದಲ ದೃಶ್ಯ ಸುಮಾರು ಇಪ್ಪತ್ತು ನಿಮಿಷದ್ದು. ಸಸ್ಪೆನ್ಸ್ ಹೇಗೆ ಕಟ್ಟಬೇಕು ಎಂಬುದಕ್ಕೆ ಅದನ್ನು ಮಾದರಿಯೆಂದು ಹೊಗಳಿದವರು ಬಹಳ. ಹೊಗಳಿಕೆ ಸುಳ್ಳಲ್ಲ, ನಾವೂ ಕುರ್ಚಿಯ ತುದಿಯಲ್ಲಿ ಕೂತೇ ನೋಡಿದೆವು.

ಅಫ್ಘಾನಿಸ್ತಾನದಲ್ಲಿ ಹೋರಾಡಿ ಬಂದ ಪೊಲೀಸ್ ಅಧಿಕಾರಿ ಡೇವಿಡ್ ಬಡ್ ತನ್ನ ಇಬ್ಬರು ಮಕ್ಕಳೊಂದಿಗೆ ಲಂಡನ್‌ಗೆ ರೈಲಿನಲ್ಲಿ ಹೊರಟಿದ್ದಾನೆ. ಏಷ್ಯಾದ ಚಹರೆಯ ಗಂಡಸೊಬ್ಬನ ಮೇಲೆ ಅವನ ಸಂಶಯ ಬೀಳುತ್ತದೆ. ರೈಲು ಸಿಬ್ಬಂದಿಯ ಮುಖದಲ್ಲಿ ಗಾಬರಿ. ಮುಚ್ಚಿದ ಶೌಚಾಲಯದ ಬಾಗಿಲು. ಇಕ್ಕಟ್ಟಾದ ಬೋಗಿ, ಮುಖಕ್ಕೆ ಹತ್ತಿರವಾಗುತ್ತಲೇ ಹೋಗುವ ಕ್ಯಾಮೆರಾ, ನಡುನಡುವೆ ಏನೂ ಅರಿಯದ ಮಕ್ಕಳು. ದೃಶ್ಯದ ಕಾಲವೂ ನಮ್ಮ ಗಡಿಯಾರದ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಉಸಿರಾಡಲು ಬಿಡುವೇ ಇಲ್ಲ. ಕೊನೆಗೆ ಬಾಗಿಲು ತೆರೆದಾಗ ಕಾಣುವುದು ಗಂಡಸಲ್ಲ. ಹಿಜಾಬ್ ಧರಿಸಿದ, ಸೊಂಟಕ್ಕೆ ಬಾಂಬಿನ ಕವಚ ಬಿಗಿದುಕೊಂಡ, ನಡುಗುತ್ತಿರುವ ನಾದಿಯಾ. ಗಂಡನ ಒತ್ತಾಯಕ್ಕೆ ಬಲಿಯಾದ ಹೆಣ್ಣೆಂದು ತೋರುವ ಆಕೆಯನ್ನು ಬಡ್ ಮಾತಿನಿಂದ ಒಲಿಸುತ್ತಾನೆ. ಬಂದೂಕು ಗುರಿಯಿಟ್ಟು ನಿಂತ ತನ್ನದೇ ಇಲಾಖೆಯವರಿಗೆ ಅಡ್ಡವಾಗಿ ತನ್ನ ದೇಹವನ್ನೊಡ್ಡಿ ಆಕೆಯನ್ನು ಉಳಿಸುತ್ತಾನೆ.

ಇಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಹೇಳಿದ್ದನ್ನು ನೆನಪಿಸಿಕೊಳ್ಳಬೇಕು. ಫ್ರೆಂಚ್ ನಿರ್ದೇಶಕ ತ್ರುಫೊ ಅವರೊಂದಿಗಿನ ಸಂದರ್ಶನದಲ್ಲಿ ಅವರು ಕೊಟ್ಟ ಉದಾಹರಣೆ ಸಿನಿಮಾ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕನಿಗೆ ಗೊತ್ತಿಲ್ಲದೆ ಅದು ಸಿಡಿದರೆ ಸಿಗುವುದು 15 ಸೆಕೆಂಡಿನ ಬೆಚ್ಚುವಿಕೆ. ಮೊದಲೇ ತಿಳಿಸಿ, ಮೇಲೆ ಕೂತವರು ಲೋಕಾಭಿರಾಮ ಮಾತಾಡುವುದನ್ನು ತೋರಿಸಿದರೆ 15 ನಿಮಿಷದ ಸಸ್ಪೆನ್ಸ್. ಅಂದರೆ ಪ್ರೇಕ್ಷಕನಿಗೆ ಬಾಂಬಿನ ಸುದ್ದಿ ತಲುಪಿಸಲೇಬೇಕು. ‘ಬಾಡಿಗಾರ್ಡ್’ ಆ ಸುದ್ದಿಯನ್ನು ಹೇಗೆ ತಲುಪಿಸಿತು? ಬಾಗಿಲು ತೆರೆಯುವ ತನಕ ಬಾಂಬನ್ನು ತೋರಿಸಲೇ ಇಲ್ಲ. ತೋರಿಸಿದ್ದು ಒಂದು ಚಹರೆಯನ್ನು, ಒಂದು ಮೈಬಣ್ಣವನ್ನು. ಉಳಿದದ್ದನ್ನು ನೋಡುಗನೇ ತುಂಬಿಕೊಂಡ. ಮೇಜಿನ ಕೆಳಗೆ ಗಡಿಯಾರವಿಡುವ ಖರ್ಚು ನಿರ್ದೇಶಕರಿಗೆ ಉಳಿಯಿತು! ಪತ್ರಿಕೆಗಳೂ ವಾರ್ತಾ ವಾಹಿನಿಗಳೂ ವರ್ಷಗಟ್ಟಲೆ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದವು.

ಈಗ ಕೊನೆಯ ಕಂತಿಗೆ ಬನ್ನಿ. ಅದೇ ಬಗೆಯ ಕವಚ ಈಗ ಬಡ್‌ನ ಮೈಮೇಲಿದೆ. ಅಪರಾಧಿ ಗುಂಪೊಂದು ಅವನಿಗೆ ಅದನ್ನು ತೊಡಿಸಿದೆ, ಹೆಬ್ಬೆರಳು ಗುಂಡಿಯಿಂದ ಸರಿದರೆ ಸ್ಫೋಟ. ಸುತ್ತ ಅದೇ ಬಂದೂಕುಗಳು. ಈ ಸಲ ಅವನಿಗೆ ಗುರಾಣಿಯಾಗಿ ಒತ್ತಿ ನಡೆಯುವವಳು ಹೆಂಡತಿ ವಿಕ್ಕಿ. ಪೊಲೀಸರು ಅವನನ್ನು ನಂಬದಿರಬಹುದು, ನಾವು ಮಾತ್ರ ಒಂದು ಕ್ಷಣವೂ ಸಂಶಯಿಸುವುದಿಲ್ಲ. ಯಾಕೆಂದರೆ ಅವನು ಕಣ್ಣು ಬಿಟ್ಟು ತನ್ನ ಎದೆಯ ಮೇಲಿನ ಕವಚವನ್ನು ಕಾಣುವಾಗ ಕ್ಯಾಮೆರಾ ಅವನೊಂದಿಗೇ ಇತ್ತು. ನಾದಿಯಾಳೊಂದಿಗೆ ಶೌಚಾಲಯದ ಒಳಗೆ ಅದು ಯಾವತ್ತೂ ಹೋಗಲಿಲ್ಲ. ಒಬ್ಬನನ್ನು ಒಳಗಿನಿಂದ, ಇನ್ನೊಬ್ಬಳನ್ನು ಬಾಗಿಲ ಹೊರಗಿನಿಂದ. ಇದು ನಟಿ ಅಂಜಲಿ ಮೊಹಿಂದ್ರಾ ಅವರ ತಪ್ಪಲ್ಲ, ಕೊಟ್ಟ ಜಾಗದಲ್ಲಿ ಅವರು ಚೆನ್ನಾಗಿಯೇ ಅಭಿನಯಿಸಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ನಾವು ಸುಮ್ಮನಿರುತ್ತಿದ್ದೆವೇನೋ. ಮುಕ್ತಾಯದಲ್ಲಿ ನಾದಿಯಾ ಬಾಯಿ ಬಿಡುತ್ತಾಳೆ: ತಾನು ಇಂಜಿನಿಯರ್, ಬಾಂಬುಗಳನ್ನು ತಯಾರಿಸಿದವಳೂ ತಾನೇ. ದಮನಿತ ಅಬಲೆಯೆಂದು ಕನಿಕರಿಸಿದಿರಲ್ಲ ಎಂದು ಪೊಲೀಸರನ್ನು ಹಂಗಿಸುತ್ತಾಳೆ. ಇದನ್ನು ಕೆಲವರು ‘ಸ್ಟೀರಿಯೊಟೈಪ್ ಮುರಿದರು’ ಎಂದು ಕೊಂಡಾಡಿದರು. ಮುರಿದದ್ದು ಏನನ್ನು? ಮುಸ್ಲಿಂ ಹೆಣ್ಣಿಗೆ ಅಲ್ಲಿದ್ದುದು ಎರಡೇ ಪಾತ್ರ, ಅಬಲೆ ಅಥವಾ ಹಂತಕಿ. ಒಂದರಿಂದ ಇನ್ನೊಂದಕ್ಕೆ ದಾಟಿಸಿದರು, ಅಷ್ಟೆ. ಮೊದಲ ಕಂತಿನಲ್ಲಿ ಬಂದೂಕಿಗೆ ಅಡ್ಡ ನಿಂತ ಬಡ್‌ನ ಕನಿಕರ ಮೂರ್ಖತನವಾಯಿತು, ಗುಂಡು ಹಾರಿಸಲು ಕಾದಿದ್ದವರ ಸಂಶಯವೇ ವಿವೇಕವಾಯಿತು.

ಬ್ರಿಟನ್ನಿನ ಮುಖ್ಯ ಭಯೋತ್ಪಾದನಾ ಬೆದರಿಕೆ ಆ ದಿಕ್ಕಿನಿಂದಲೇ ಇದೆ ಎಂಬುದು ಬರಹಗಾರರ ಸಮರ್ಥನೆ. 2017ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಸಂಗೀತ ಸಭೆಯಲ್ಲಿ 22 ಮಂದಿಯನ್ನು ಕೊಂದವನು ಮುಸ್ಲಿಮನೇ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ, ಅಂಥವನನ್ನು ತೆರೆಯ ಮೇಲೆ ತರಬಾರದೆಂದೂ ನಾವು ಹೇಳುವುದಿಲ್ಲ. ಮರು ತಿಂಗಳೇ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ ತರಾವೀಹ್ ಮುಗಿಸಿ ಬರುತ್ತಿದ್ದವರ ಮೇಲೆ ವ್ಯಾನು ಹರಿಸಲಾಯಿತು. 2016ರಲ್ಲಿ ಸಂಸದೆ ಜೋ ಕಾಕ್ಸ್ ಅವರನ್ನು ಕೊಂದವನು ಬಲಪಂಥೀಯ ಉಗ್ರ. ವಾಸ್ತವವೇ ಬೇಕೆಂದಿದ್ದರೆ ವಾಸ್ತವದಲ್ಲಿ ಇವೂ ಇದ್ದವು.

ಅಮೆರಿಕದ ಫಾಕ್ಸ್ ವಾಹಿನಿಯ ‘24’ ಧಾರಾವಾಹಿಯ ನಾಲ್ಕನೇ ಸರಣಿಯ ವಿಷಯದಲ್ಲೂ 2005ರಲ್ಲಿ ಇದೇ ಜಗಳ ನಡೆದಿತ್ತು. ನೆರೆಮನೆಯ ಮುಸ್ಲಿಂ ಕುಟುಂಬವನ್ನು ಭಯೋತ್ಪಾದಕರನ್ನಾಗಿಸಿದ್ದಕ್ಕೆ ಅಲ್ಲಿನ ಮುಸ್ಲಿಂ ಸಂಘಟನೆ ಪ್ರತಿಭಟಿಸಿದಾಗ, ನಾಯಕ ನಟ ಕೀಫರ್ ಸದರ್‌ಲ್ಯಾಂಡ್ ತೆರೆಯ ಮೇಲೆ ಬಂದು, ಅಮೆರಿಕದ ಮುಸ್ಲಿಮರು ಭಯೋತ್ಪಾದನೆಯ ವಿರುದ್ಧ ಇದ್ದಾರೆಂದು ಹೇಳಿ ಹೋದರು. ಮಾತಿನ ತೇಪೆಯದು. ಟಿಕ್ ಟಿಕ್ ಗಡಿಯಾರ, ತುಂಡು ತುಂಡಾದ ತೆರೆ, ಅಡುಗೆಮನೆಯಲ್ಲಿ ಪಿಸುಗುಡುವ ತಾಯಿ, ಇವೆಲ್ಲ ನೋಡುಗನ ಮೈಗೆ ಅಂಟಿಸಿದ ಭಯ ಒಂದು ಪ್ರಕಟಣೆಯಿಂದ ಇಳಿಯುತ್ತದೆಯೇ?

ಹಿಚ್‌ಕಾಕ್‌ರ ಲೆಕ್ಕದಲ್ಲೇ ನೋಡಿದರೂ ‘ಬಾಡಿಗಾರ್ಡ್’ ನಷ್ಟದ ವ್ಯಾಪಾರ. ನಾದಿಯಾಳೇ ಬಾಂಬು ತಯಾರಕಿಯೆಂದು ಎರಡನೇ ಕಂತಿನಲ್ಲೇ ನಮಗೆ ಗುಟ್ಟಾಗಿ ತಿಳಿಸಿ, ಬಡ್ ಮತ್ತೆ ಮತ್ತೆ ಆಕೆಯೆದುರು ನಂಬಿಕೆಯಿಂದ ಕೂರುವುದನ್ನು ತೋರಿಸಿದ್ದರೆ ಪ್ರತಿ ಭೇಟಿಯೂ ಮೇಜಿನ ಕೆಳಗಿನ ಬಾಂಬಾಗುತ್ತಿತ್ತು. ಹಾಗೆ ಮಾಡಲು ಆಕೆಯೊಬ್ಬಳೇ ಇರುವಾಗ ಕ್ಯಾಮೆರಾ ಆಕೆಯ ಕೋಣೆಗೆ ಹೋಗಬೇಕಾಗುತ್ತಿತ್ತು. ಆಕೆ ಏನು ಯೋಚಿಸುತ್ತಾಳೆ, ಯಾಕೆ ಈ ದಾರಿ ಹಿಡಿದಳು, ಯಾರನ್ನು ನೆನೆದು ಅಳುತ್ತಾಳೆ ಅಥವಾ ಅಳುವುದಿಲ್ಲ ಎಂಬುದನ್ನೆಲ್ಲ ಬರೆಯಬೇಕಾಗುತ್ತಿತ್ತು. ಖಳಳೇ ಆಗಿದ್ದರೂ ಮನುಷ್ಯಳಾಗಿರುತ್ತಿದ್ದಳು. ಬರಹಗಾರರು 15 ನಿಮಿಷ ಬಿಟ್ಟು 15 ಸೆಕೆಂಡು ಆರಿಸಿಕೊಂಡರು.