ಬೆಟ್ಟದ ಹೊಗೆಯೂ ಒಲೆಯ ಹೊಗೆಯೂ

ಬೇಸಗೆ ಕಾಲಿಡುತ್ತಲೇ ನಮ್ಮ ಸೀಮೆಯ ಗುಡ್ಡಗಳಿಗೆ ಬೆಂಕಿ ಬೀಳುವುದು ವರ್ಷವರ್ಷದ ಮಾತು. ಕೊಟ್ಟೂರು ತೇರು ಮುಗಿಯುವ ಹೊತ್ತಿಗೆ ಕೂಡ್ಲಿಗಿ ತಾಲ್ಲೂಕಿನ ಬಂಡೆಗುಡ್ಡಗಳ ಮೇಲಿನ ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿಯ ತುಂಡು ಸಾಕು. ಸುಟ್ಟರೆ ಮುಂಗಾರಿಗೆ ಹುಲ್ಲು ಸೊಗಸಾಗಿ ಚಿಗುರುತ್ತದೆಂದು ನಂಬಿ ಬೇಕೆಂದೇ ಕಡ್ಡಿ ಗೀರುವವರೂ ಉಂಟು. 1963ರ ಅರಣ್ಯ ಕಾಯಿದೆ ಅದನ್ನು ಅಪರಾಧವೆಂದಿದೆ. ಕಾಯಿದೆ ಗುಡ್ಡ ಹತ್ತುವುದಿಲ್ಲ. ಇತ್ತ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಮೆಕ್ಕೆಜೋಳದ ದಂಟಿಗೂ ಕೊಳ್ಳಿಯೇ ಗತಿ. ಗುಡೇಕೋಟೆಯ ಕರಡಿಧಾಮದಲ್ಲಿ ಕರಡಿಗಳ ಗತಿಯೇನು ಎಂದು ಚಿಂತಿಸುವವರಿದ್ದಾರೆ, ಅದು ಯೋಗ್ಯವೇ. ಆದರೆ ಆ ಹೊಗೆ ಇಳಿದು ಬಂದು ಮನೆಯೊಳಗೆ ಹೊಕ್ಕಮೇಲೆ ಮನುಷ್ಯರ ಗತಿಯೇನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಮೆ.

ಕಣ್ಣಿಗೆ ಕಾಣುವ ಮಸಿ ಅಷ್ಟೊಂದು ಅಪಾಯದ್ದಲ್ಲ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ, ಎಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು ಇರುವುದು, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. 2023ರ ಜೂನ್ ತಿಂಗಳಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ನೂರಾರು ಮೈಲಿ ಹಾರಿ ಬಂದು ನ್ಯೂಯಾರ್ಕ್ ನಗರದ ಆಕಾಶವನ್ನೇ ಕೇಸರಿ ಮಾಡಿತು. ಆಗ ಅಲ್ಲಿಯ ಜನರಿಗೆ ಸಿಕ್ಕ ಉಪದೇಶ: ಕಿಟಕಿ ಮುಚ್ಚಿರಿ, ಒಂದು ಕೊಠಡಿಯಲ್ಲಿ ಸೇರಿರಿ, ಗಾಳಿ ಸೋಸುವ ಯಂತ್ರ ಹಾಕಿರಿ.

ಈ ಉಪದೇಶವನ್ನು ಹಾಗೆಯೇ ತಂದು ನಮ್ಮ ಮಾಳಿಗೆ ಮನೆಗೆ ಹೊಂದಿಸಬಹುದೆ? ಆಗದೆಂಬುದೇ ನನ್ನ ವಾದ. ಅವರ ಮನೆಯೊಳಗೆ ಸೌದೆಯ ಒಲೆಯಿಲ್ಲ; ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಅದರಲ್ಲಿ ಉರಿಯುವುದು ಬಳ್ಳಾರಿ ಜಾಲಿ, ತೊಗರಿಕಟ್ಟಿಗೆ, ಮೆಕ್ಕೆಜೋಳದ ಬೆಂಡು. ಹೊರಗಿನ ಹೊಗೆಗೆ ಹೆದರಿ ಬಾಗಿಲು, ಗವಾಕ್ಷಿ ಎಲ್ಲವನ್ನೂ ಮುಚ್ಚಿ ಒಳಗೆ ಒಲೆ ಹಚ್ಚಿದರೆ, ಕಳ್ಳನಿಗೆ ಹೆದರಿ ಹುಲಿಯೊಡನೆ ಕದ ಹಾಕಿಕೊಂಡಂತೆ. ಗುಡ್ಡದ ಬೆಂಕಿ ನಾಲ್ಕು ದಿನದ್ದು, ಒಲೆಯದು ನಿತ್ಯದ್ದು. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆಯ ಮುಂದೆ ಕೂತವಳೂ, ಅವಳ ಸೆರಗು ಹಿಡಿದ ಕೂಸೂ ಅದರ ಪಾಲನ್ನು ಮೊದಲು ಉಣ್ಣುತ್ತಾರೆ. ಪಡಸಾಲೆಯಲ್ಲಿ ಕೂತ ಗಂಡಸರಿಗೆ ಅಡಿಗೆಯ ಘಮ ಮಾತ್ರ ಬರುತ್ತದೆ.

ಹೊಗೆಯ ಪರವಾಗಿ ಮಾತನಾಡುವ ಹಿರಿಯರಿದ್ದಾರೆ. ಬೀಜದ ತೆನೆಯನ್ನು ಒಲೆಯ ಮೇಲೆ ತೂಗುಹಾಕಿದರೆ ಹುಳ ಹಿಡಿಯದು, ತೊಲೆ ಜಂತಿಗಳು ಬಾಳುತ್ತವೆ, ಸೊಳ್ಳೆ ಸುಳಿಯದು ಎನ್ನುತ್ತಾರೆ. ಮಾತು ಸುಳ್ಳಲ್ಲ. ಹುಳಕ್ಕೆ ಆಗದ್ದು ಮನುಷ್ಯನಿಗೆ ಆದೀತೆ ಎಂದು ಮಾತ್ರ ಅವರನ್ನು ಕೇಳಬೇಕಾಗಿದೆ.

ಉಪಾಯಗಳು ಹೊಸವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಮೂರು ಪಾತ್ರೆ ಕೂಡುವ ಬಾಯಿಗಳಿದ್ದವು, ಹೊಗೆಯನ್ನು ಸೂರಿನಾಚೆ ಒಯ್ಯುವ ಕೊಳವೆಯಿತ್ತು. ಕೊಳವೆಯೊಳಗೆ ಮಸಿ ಕಟ್ಟಿದರೆ ಎಂಥ ಒಲೆಯಾದರೂ ಹಿಂದಿನಂತೆಯೇ ಮನೆಯೊಳಗೇ ಹೊಗೆಯುಗುಳುತ್ತದೆ. ಅನಂತರ 2016ರಲ್ಲಿ ಉಜ್ವಲ ಯೋಜನೆ ಬಂದಿತು. ಸಿಲಿಂಡರು ಬಡವರ ಮನೆಗೂ ಬಂದಿದೆ; ಆದರೆ ಮತ್ತೆ ತುಂಬಿಸುವ ಹಣದ ಭಯದಿಂದ ಅದನ್ನು ಬೀಗರು ಬಂದಾಗಿನ ಚಹಾಕ್ಕೆಂದು ಮೂಲೆಯಲ್ಲಿ ಕಾದಿಡುವ ಮನೆಗಳೆಷ್ಟೋ! ಕಾದಿಡುವುದೇ ಆದರೆ ಬೀಗರಿಗಾಗಿ ಬೇಡ, ಗುಡ್ಡ ಉರಿಯುವ ದಿನಗಳಿಗಾಗಿ ಕಾದಿಡಿರಿ ಎಂದು ನಾನು ಹೇಳುತ್ತೇನೆ. ಆ ನಾಲ್ಕಾರು ದಿನ ಮನೆಯೊಳಗೆ ಸೌದೆ ಹಚ್ಚಬಾರದು. ಗ್ಯಾಸು ಇಲ್ಲದವರು ಒಲೆಯನ್ನು ಹಿತ್ತಲಿಗೆ ಒಯ್ಯಲಿ. ಕೆಂಡದ ಕುಂಪಟೆಯನ್ನಂತೂ ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಇನ್ನು ಬಾಗಿಲ ಮಾತು. ರಾತ್ರಿ ಮತ್ತು ನಸುಕಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗಾಗಿ ಹೊಗೆ ಮೇಲೇರದೆ ಊರಮೇಲೆಯೇ ಮಲಗುತ್ತದೆ. ಬಿಸಿಲೇರಿದಂತೆ ಗಾಳಿ ಮೇಲೆದ್ದು ಅದು ಚದುರುತ್ತದೆ. ಆದ್ದರಿಂದ ಸಂಜೆಗೆ ಗವಾಕ್ಷಿ ಮುಚ್ಚಿ, ಹೊಗೆ ತಿಳಿಯಾದ ಮೇಲೆ ತೆರೆಯುವುದು ಲೇಸು. ಇಡೀ ದಿನ ಮುಚ್ಚಿಟ್ಟರೆ ನಮ್ಮ ಚೈತ್ರದ ಸೆಖೆಯೇ ಮುದುಕರನ್ನು ಕೊಂದೀತು. ತಗಡಿನ ಮನೆಯವರು ಗೋಡೆಗೂ ತಗಡಿಗೂ ನಡುವಿನ ಸಂದಿಗೆ ಹಳೆಯ ಬಟ್ಟೆ ತುರುಕಬೇಕು. ಉಬ್ಬಸದವರು, ಬಸುರಿಯರು, ಎಳೆಯ ಮಕ್ಕಳು ಮಲಗುವ ಕೋಣೆಯಲ್ಲಿ ಬೀಡಿ, ಸೊಳ್ಳೆಬತ್ತಿ, ಊದಿನಕಡ್ಡಿ ಆ ದಿನಗಳಲ್ಲಿ ಬೇಡ (ದೇವರು ಕ್ಷಮಿಸುತ್ತಾನೆ). ಕಸಬರಿಗೆಯಿಂದ ಧೂಳೆಬ್ಬಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ನೆಲ ಒರಸುವುದು ಮೇಲು. ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿದರೆ ಸಾಕೆಂಬ ನಂಬಿಕೆ ಪೊಳ್ಳು; ಸಣ್ಣ ಕಣ ಅದಕ್ಕೆ ಸಿಕ್ಕುವುದಿಲ್ಲ. 2020ರ ಕೊರೋನಾ ಕಾಲದಿಂದ ನಾವೆಲ್ಲ ಬಲ್ಲ ಎನ್-95 ಮುಖಗವಸು, ಮುಖಕ್ಕೆ ಬಿಗಿಯಾಗಿ ಕೂತರೆ, ಅದನ್ನು ಬಹುಮಟ್ಟಿಗೆ ತಡೆಯುತ್ತದೆ.

ನಮ್ಮ ಕಾಲೇಜಿನ ಸೇವಾ ಶಿಬಿರಗಳಲ್ಲಿ ರಸ್ತೆ ಗುಡಿಸಿ, ಗೋಡೆಗೆ ಘೋಷಣೆ ಬರೆದು ಬರುತ್ತೇವೆ. ಮುಂದಿನ ಶಿಬಿರವನ್ನು ಗುಡ್ಡ ಒಣಗುವುದಕ್ಕೆ ಮೊದಲೇ ನಡೆಸಿ, ಮನೆಮನೆಗೆ ಹೋಗಿ ಒಲೆಯ ಕೊಳವೆಗಳ ಮಸಿ ತೆಗೆಯುವ ಕೆಲಸವನ್ನು ಅಧ್ಯಾಪಕರು ನಮಗೆ ವಹಿಸಬಾರದೇಕೆ? ಒಂದು ಉದ್ದನೆಯ ಬಿದಿರೂ ಅದರ ತುದಿಗೆ ಕಟ್ಟಲು ಒಂದು ಹರಕು ಗೋಣಿಚೀಲವೂ ಇದ್ದರೆ ಸಾಕು.