ಮಗುವಿನ ಬೆನ್ನಿಗೆ ಬೇಹುಗಾರನೇಕೆ?

ಮಕ್ಕಳಿಗೆ ತಿಳಿಯದಂತೆ ಅವರ ಮೊಬೈಲಿನಲ್ಲಿ ಕಣ್ಗಾವಲು ತಂತ್ರಾಂಶವನ್ನು ಅಡಗಿಸಿಡಬೇಕೆಂದೂ, ಅದರಲ್ಲಿಯೂ ಸಂದೇಶಗಳನ್ನೆಲ್ಲ ಓದಿ ಒಪ್ಪಿಸುವುದನ್ನೇ ಆಯ್ದುಕೊಳ್ಳಬೇಕೆಂದೂ ಇತ್ತೀಚಿನ ಲೇಖನವೊಂದು ಪಾಲಕರಿಗೆ ಉಪದೇಶಿಸಿರುವುದನ್ನು ಓದಿ ವ್ಯಥೆಪಟ್ಟೆನು. ಅಂತಹ ತಂತ್ರಾಂಶವು ಮಗುವಿನ ಚಿತ್ರ, ಸಂಭಾಷಣೆ, ಸಂಚಾರಗಳನ್ನು ಯಾವುದೋ ದೂರದ ಸರ್ವರಿನಲ್ಲಿ ಸಂಗ್ರಹಿಸುತ್ತದೆಂಬುದನ್ನೂ, ಎಂಸ್ಪೈ ಎಂಬ ಪ್ರಖ್ಯಾತ ತಂತ್ರಾಂಶದ ದತ್ತಾಂಶವು 2015ರಲ್ಲಿಯೂ 2018ರಲ್ಲಿಯೂ ಮತ್ತೆ 2024ರಲ್ಲಿಯೂ ಸೋರಿಹೋಯಿತೆಂಬುದನ್ನೂ ಲೇಖಕರು ಏಕೆ ಹೇಳಲಿಲ್ಲ?

ಬೀದರ್ ಜಿಲ್ಲೆಯ ಔರಾದಿನ ನಮ್ಮ ಬಂಧುಗಳ ಮನೆಯಲ್ಲಿರುವುದು ಒಂದೇ ಮೊಬೈಲು. ಹಗಲು ತಂದೆಯ ಅಂಗಿಯ ಜೇಬಿನಲ್ಲಿ, ಇರುಳು ಹತ್ತನೆಯ ತರಗತಿಯ ಮಗಳ ಗಣಿತ ಪುಸ್ತಕದ ಮಗ್ಗುಲಲ್ಲಿ. ಅದರ ಬೀಗದ ಅಂಕಿಗಳನ್ನು ತಂದೆಗೆ ಕಲಿಸಿದವಳೂ ಆಕೆಯೇ. ಹೀಗಿರುವಾಗ ಆಕೆಗೆ ತಿಳಿಯದಂತೆ ಅದರಲ್ಲಿ ಏನನ್ನು ಅಡಗಿಸಿಡುವುದು? ಕನ್ನಡ, ಮರಾಠಿ, ದಖನಿಗಳನ್ನು ರೋಮನ್ ಲಿಪಿಯಲ್ಲಿ ಕಲಸಿ ಬರೆಯುವ ಈ ಸೀಮೆಯ ಮಕ್ಕಳಿಗೆ ಬರುವ ಬೆದರಿಕೆಯನ್ನು, ಇಂಗ್ಲಿಷ್ ಪದಪಟ್ಟಿಯನ್ನು ನೆಚ್ಚಿದ ಅಂತಹ ತಂತ್ರಾಂಶವು ಹೇಗೆ ತಾನೆ ಗುರುತಿಸೀತು?

ಕಾವಲಿನ ಕಣ್ಣನ್ನು ತಪ್ಪಿಸುವುದು ಎಷ್ಟು ಸುಲಭವೆಂಬುದನ್ನು ಇದೇ ಜಿಲ್ಲೆಯ ಭಾಲ್ಕಿಯವರಿಗಂತೂ ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮನ ಆಳ್ವಿಕೆಯಲ್ಲಿ ಅಲ್ಲಿನ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಕಾವಲಿನ ಕಣ್ಣಿಗೆ ಬಿದ್ದುದು ಫಲಕವಷ್ಟೆ.

ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಬೀದರಿನ ಚೌಬಾರವೂ ಕಾವಲುಗೋಪುರವೇ, ಆದರೆ ನಾಲ್ಕು ಬೀದಿಗಳಿಗೂ ಕಾಣುವಂತೆ ನಿಂತಿರುವುದು. ಸಂದೇಶಗಳನ್ನು ಓದದೆ ಹೊತ್ತಿನ ಮಿತಿಯನ್ನೂ ಆ್ಯಪುಗಳ ಅನುಮತಿಯನ್ನೂ ನೋಡಿಕೊಳ್ಳುವ ಗೂಗಲ್ಲಿನ ಫ್ಯಾಮಿಲಿ ಲಿಂಕಿನಂತಹ ಸಾಧನವನ್ನು ಪಾಲಕರು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಯೊಂದು ಗುಂಡಿಯ ಅರ್ಥವನ್ನು ತಿಳಿಸಿ ಅಳವಡಿಸಲಿ; ಮಕ್ಕಳ ಸಹಾಯವಾಣಿ 1098ನ್ನು ಅದೇ ಮೊಬೈಲಿನಲ್ಲಿ ಮಗುವಿನ ಕೈಯಿಂದಲೇ ಬರೆಸಿಡಲಿ.